ಕಡಲಹಕ್ಕಿ ನೋಡಲು ಬೋಟು ಹತ್ತುವ ಮುನ್ನ

ಮಂಜೇಶ್ವರ, ಕಾಸರಗೋಡು ಕಡೆಯಿಂದ ಕಡಲಹಕ್ಕಿ ನೋಡಲು ಹೊರಡುವವರು ಮೊದಲು ಹೊಟ್ಟೆಯ ವಿಚಾರ ನೋಡಿಕೊಳ್ಳಿ. ವಾಂತಿ ತಡೆಯುವ ಮಾತ್ರೆಯನ್ನು ವೈದ್ಯರನ್ನು ಕೇಳಿ, ಬೋಟು ಹತ್ತುವ ಮೊದಲೇ ನುಂಗಿ. ತಲೆ ಸುತ್ತಿದ ಮೇಲೆ ನುಂಗಿದರೆ ಅದು ಮೀನಿನ ಪಾಲು. ಖಾಲಿ ಹೊಟ್ಟೆಯೂ ಬೇಡ, ಎಣ್ಣೆ ಜಿನುಗುವ ಗೋಳಿಬಜೆಯೂ ಬೇಡ. ಎರಡು ಇಡ್ಲಿ ಸಾಕು. ಡೀಸೆಲ್ ಹೊಗೆ ತಾಗದಂತೆ ಬೋಟಿನ ನಡುಭಾಗದಲ್ಲಿ ಕುಳಿತು ದಿಗಂತದತ್ತ ನೋಡುತ್ತಿರಿ.

ದುರ್ಬೀನು ನೋಟವನ್ನು 8 ಪಟ್ಟು ದೊಡ್ಡದು ಮಾಡಿ ತೋರಿಸಿದರೆ ಸಾಕು. ಹೆಚ್ಚಾದಷ್ಟೂ ಅಲುಗಾಟವೂ ಹೆಚ್ಚು. ನೀರಿಗೆ ತಾಗುವಂತೆ ಕಾಲು ಇಳಿಬಿಟ್ಟು ಹಾರುವ, ಬಾಲದ ಬುಡದಲ್ಲಿ ಬಿಳಿ ಪಟ್ಟಿಯಿರುವ ಪುಟ್ಟ ಕಪ್ಪು ಹಕ್ಕಿ ಕಂಡರೆ ವಿಲ್ಸನ್ಸ್ ಸ್ಟಾರ್ಮ್ ಪೆಟ್ರೆಲ್ ಇರಬಹುದು. ಅಂಟಾರ್ಕ್ಟಿಕದ ಸುತ್ತಮುತ್ತ ಮರಿ ಮಾಡುವ ಈ ಹಕ್ಕಿ ನಮ್ಮ ಕಡಲಿಗೂ ಬರುತ್ತದೆ! ಡಾಲ್ಫಿನ್ ಕಂಡರೆ ಬೆನ್ನಟ್ಟಲು ಬೋಟಿನವರನ್ನು ಒತ್ತಾಯಿಸಬೇಡಿ. ಲೈಫ್ ಜಾಕೆಟ್ ಇಲ್ಲದ ಬೋಟಾದರೆ ದಡದಲ್ಲೇ ಇಳಿದುಬಿಡಿ.