ದೂರದ ಬಿಸಿ ಗ್ರಹದ ಹವೆಯನ್ನು ಲೆಕ್ಕ ಹಾಕುವುದು ಹೇಗೆ?

ಗಾಜಿನ ಮಳೆ ಸುರಿಯುವ ಗ್ರಹವೊಂದಿದೆ ಎಂಬ ಸುದ್ದಿಯನ್ನು ನೀವು ಓದಿರಬಹುದು. ಅದರ ಹೆಸರು ಎಚ್‌ಡಿ 189733 ಬಿ. ಪತ್ತೆಯಾದದ್ದು 2005ರಲ್ಲಿ, ದೂರ ಸುಮಾರು 64 ಜ್ಯೋತಿರ್ವರ್ಷ. ಅಲ್ಲಿಗೆ ಯಾವ ನೌಕೆಯೂ ಹೋಗಿಲ್ಲ. ಹಾಗಿದ್ದರೂ ಅಲ್ಲಿನ ಸ್ಥಿತಿಗತಿಯನ್ನು ಹಂತ ಹಂತವಾಗಿ ಅಂದಾಜು ಮಾಡಬಹುದು. ಮೊದಲೆರಡು ಹಂತಗಳಿಗೆ ಮೊಬೈಲ್‌ನಲ್ಲಿರುವ ಕ್ಯಾಲ್ಕುಲೇಟರ್ ಸಾಕು.

ಹಂತ 1: ಬಿಸಿ ಎಷ್ಟು? ನಕ್ಷತ್ರದ ತ್ರಿಜ್ಯವನ್ನು, ಗ್ರಹಕ್ಕೂ ನಕ್ಷತ್ರಕ್ಕೂ ಇರುವ ದೂರದ ಎರಡರಷ್ಟರಿಂದ ಭಾಗಿಸಿ. ಬಂದ ಉತ್ತರದ ವರ್ಗಮೂಲವನ್ನು ನಕ್ಷತ್ರದ ಮೇಲ್ಮೈ ತಾಪಮಾನದಿಂದ ಗುಣಿಸಿ. ಇಲ್ಲಿ ತ್ರಿಜ್ಯ ಸುಮಾರು 5.4 ಲಕ್ಷ ಕಿ.ಮೀ., ದೂರ ಸುಮಾರು 47 ಲಕ್ಷ ಕಿ.ಮೀ., ನಕ್ಷತ್ರದ ತಾಪಮಾನ ಸುಮಾರು 5,050 ಕೆಲ್ವಿನ್. ಉತ್ತರ ಹೆಚ್ಚುಕಡಿಮೆ 1,200 ಕೆಲ್ವಿನ್. 273 ಕಳೆದರೆ 900 ಡಿಗ್ರಿ ಸೆಲ್ಸಿಯಸ್‌ಗೂ ಮೇಲೆ, ಅಲ್ಯೂಮಿನಿಯಂ ಕರಗಿ ಹರಿಯುವಷ್ಟು ಬಿಸಿ. ಗ್ರಹವು ಬಿದ್ದ ಬೆಳಕನ್ನೆಲ್ಲ ಹೀರಿಕೊಂಡು, ಶಾಖವನ್ನು ಎಲ್ಲ ಕಡೆಗೂ ಸಮನಾಗಿ ಹಂಚುತ್ತದೆ ಎಂದು ಭಾವಿಸಿ ಹಾಕಿದ ಲೆಕ್ಕ ಇದು ಎಂಬುದು ನೆನಪಿರಲಿ.

ಹಂತ 2: ನೆಲವಿದೆಯೇ? ಗ್ರಹ ಅಡ್ಡ ಬಂದಾಗ ನಕ್ಷತ್ರದ ಬೆಳಕು ಶೇ 2.4ರಷ್ಟು ಕುಂದುತ್ತದೆ. 0.024ರ ವರ್ಗಮೂಲ 0.155. ಅದನ್ನು ನಕ್ಷತ್ರದ ತ್ರಿಜ್ಯದಿಂದ ಗುಣಿಸಿದರೆ ಗ್ರಹದ ತ್ರಿಜ್ಯ ಸುಮಾರು 84,000 ಕಿ.ಮೀ., ಗುರುಗ್ರಹಕ್ಕಿಂತ ತುಸು ದೊಡ್ಡದು. ದ್ರವ್ಯರಾಶಿಯೂ ಹಾಗೆಯೇ. ಇದು ಅನಿಲದ ದೈತ್ಯ, ಕಾಲೂರಲು ನೆಲವಿಲ್ಲ.

ಹಂತ 3: ಹಗಲು, ಇರುಳು, ಗಾಳಿ. ನನಗೆ ಅತ್ಯಂತ ಸೊಗಸಾಗಿ ಕಾಣುವ ಹಂತ ಇದು. ನಕ್ಷತ್ರಕ್ಕೆ ಇಷ್ಟು ಹತ್ತಿರದಲ್ಲಿ, 2.2 ದಿನಕ್ಕೊಂದು ಸುತ್ತು ಹಾಕುವ ಗ್ರಹ ಒಂದೇ ಮುಖವನ್ನು ನಕ್ಷತ್ರದತ್ತ ತೋರಿಸುತ್ತಿರಬೇಕು. ಒಂದು ಬದಿಗೆ ಸದಾ ಹಗಲು, ಇನ್ನೊಂದಕ್ಕೆ ಸದಾ ಇರುಳು. ಹಾಗಾದರೆ ಕತ್ತಲ ಬದಿ ತಣ್ಣಗಿರಬೇಕಲ್ಲವೇ? 2007ರಲ್ಲಿ ಸ್ಪಿಟ್ಜರ್ ದೂರದರ್ಶಕದ ಅಳತೆಯಿಂದ ಸಿದ್ಧವಾದ ತಾಪಮಾನದ ನಕ್ಷೆ ಬೇರೆಯೇ ಹೇಳಿತು: ಹಗಲ ಬದಿ ಸುಮಾರು 1,210 ಕೆಲ್ವಿನ್, ಇರುಳ ಬದಿಯೂ 970ರ ಆಸುಪಾಸು. ಅತಿ ಬಿಸಿಯಾದ ಜಾಗ ನಡುಮಧ್ಯಾಹ್ನದ ಬಿಂದುವಿನಲ್ಲಿರದೆ ಪೂರ್ವಕ್ಕೆ ಸರಿದಿತ್ತು. ಶಾಖವನ್ನು ಹೊತ್ತೊಯ್ಯುವ ಬಿರುಗಾಳಿ ಇದ್ದರೆ ಮಾತ್ರ ಹೀಗಾಗಲು ಸಾಧ್ಯ. 2015ರಲ್ಲಿ ಆ ಗಾಳಿಯ ವೇಗವನ್ನೇ ಅಳೆದರು: ಸೆಕೆಂಡಿಗೆ ಸುಮಾರು 2 ಕಿ.ಮೀ.

ಹಂತ 4: ಗಾಳಿಯಲ್ಲಿ ಏನಿದೆ? ಗ್ರಹದ ಅಂಚಿನ ಮೂಲಕ ಹಾದುಬರುವ ನಕ್ಷತ್ರದ ಬೆಳಕನ್ನು ರೋಹಿತವಾಗಿ, ಅಂದರೆ ಬೇರೆ ಬೇರೆ ಬಣ್ಣಗಳಾಗಿ ಬಿಡಿಸಿ ನೋಡಬೇಕು. ಪ್ರತಿ ಅನಿಲವೂ ತನ್ನದೇ ಬಣ್ಣಗಳನ್ನು ನುಂಗುತ್ತದೆ. ಇಲ್ಲಿ ಸೋಡಿಯಂ, ನೀರಾವಿ ಸಿಕ್ಕಿವೆ. ಕೊಳೆತ ಮೊಟ್ಟೆಯ ವಾಸನೆಯ ಹೈಡ್ರೋಜನ್ ಸಲ್ಫೈಡ್ ಇರುವುದನ್ನು ಜೇಮ್ಸ್ ವೆಬ್ ದೂರದರ್ಶಕ ನೀಡಿದ ಮಾಹಿತಿಯಿಂದ 2024ರಲ್ಲಿ ಗುರುತಿಸಲಾಯಿತು.

ಹಂತ 5: ಅಳೆದದ್ದು ಯಾವುದು, ಊಹಿಸಿದ್ದು ಯಾವುದು? ಇದನ್ನು ದಯವಿಟ್ಟು ಬಿಡಬೇಡಿ. ಗ್ರಹದ ಕಡುನೀಲಿ ಬಣ್ಣ ಹಬಲ್ ದೂರದರ್ಶಕದಿಂದ ಅಳೆದದ್ದು. ಅದು ಪ್ರಕಟವಾದದ್ದು 2013ರಲ್ಲಿ. ಮೋಡದಲ್ಲಿರುವ ಸಿಲಿಕೇಟ್ (ಗಾಜಿನ ಮೂಲವಸ್ತುವಿನ ಬಗೆಯ ಖನಿಜ) ಕಣಗಳು ನೀಲಿ ಬೆಳಕನ್ನು ಚದುರಿಸುತ್ತವೆ ಎಂಬುದು ಆ ಬಣ್ಣಕ್ಕೆ ಕೊಟ್ಟ ವಿವರಣೆ. ಆ ಕಣಗಳು ಗಾಜಿನ ಹನಿಗಳಾಗಿ ಬಿರುಗಾಳಿಯಲ್ಲಿ ಅಡ್ಡಡ್ಡಲಾಗಿ ರಾಚುತ್ತವೆ ಎಂಬುದು ವಿವರಣೆಯ ಮೇಲೆ ಕಟ್ಟಿದ ಚಿತ್ರ. ಸಂಭವವಿದೆ, ಆದರೆ ಮಳೆಯನ್ನು ಯಾರೂ ಕಂಡಿಲ್ಲ.

ಬೇರೆ ಗ್ರಹಗಳಿಗೂ ಇದೇ ಲೆಕ್ಕ ಹಾಕಿ ನೋಡಬಹುದು. ಬೇಕಾದ ಅಂಕಿಗಳು ನಾಸಾದ ಎಕ್ಸೊಪ್ಲಾನೆಟ್ ಆರ್ಕೈವ್‌ನಲ್ಲಿ ಉಚಿತವಾಗಿ ಸಿಗುತ್ತವೆ.