ಸೆಮಿಸ್ಟರ್ ಅಟ್ ಸೀ: ಹಡಗಿನಲ್ಲಿ ಮೊದಲ ಕೆಲವು ದಿನ

ಸೆಮಿಸ್ಟರ್ ಅಟ್ ಸೀ ಎಂದರೆ ಕಾಲೇಜು ವಿದ್ಯಾರ್ಥಿಗಳು ಒಂದು ಸೆಮಿಸ್ಟರನ್ನು ದೇಶದಿಂದ ದೇಶಕ್ಕೆ ಸಾಗುವ ಹಡಗಿನಲ್ಲೇ ಓದುವ ಕಾರ್ಯಕ್ರಮ; ಇಲ್ಲಿ ಹಡಗೇ ಕ್ಯಾಂಪಸ್. ಕ್ರೆಡಿಟ್ ಕೊಡುವುದು ಕೊಲರಾಡೊ ಸ್ಟೇಟ್ ಯೂನಿವರ್ಸಿಟಿ, ಹಡಗಿನ ಹೆಸರು ವರ್ಲ್ಡ್ ಒಡಿಸ್ಸಿ. ಬಂದರಿನಲ್ಲಿದ್ದಾಗ ತರಗತಿ ಇಲ್ಲ; ಸಮುದ್ರದಲ್ಲಿದ್ದರೆ ಭಾನುವಾರವೂ ಇರುತ್ತದೆ. ಎ ದಿನ, ಬಿ ದಿನ ಎಂದು ಪಾಠಗಳು ಸರದಿಯಲ್ಲಿ ಬರುತ್ತವೆ. ದೇಹ ಹೊಂದಿಕೊಳ್ಳುವ ಮೊದಲೇ ಪಾಠ ಶುರುವಾಗಿಬಿಡುವುದರಿಂದ ನಾನು ಹೊಟ್ಟೆ, ನಿದ್ದೆ, ಕ್ಯಾಬಿನ್ ಈ ಮೂರನ್ನು ಮೊದಲು ಸರಿಮಾಡಿಕೊಂಡೆ. ಓದು ಆಮೇಲೆ ತಾನಾಗಿ ಹಳಿಗೆ ಬರುತ್ತದೆ.

ಹೊಟ್ಟೆಯದೇ ದೊಡ್ಡ ವಿಷಯ. ಒಳಕಿವಿಗೆ ಅಲುಗಾಟ ಗೊತ್ತಾಗುತ್ತದೆ, ಕಣ್ಣಿಗೆ ಮಾತ್ರ ಕ್ಯಾಬಿನ್ನಿನ ಗೋಡೆ ನಿಂತಲ್ಲೇ ನಿಂತಂತೆ ಕಾಣುತ್ತದೆ. ಈ ತಾಳತಪ್ಪಿನಿಂದಲೇ ವಾಕರಿಕೆ. ವಾಂತಿ ಶುರುವಾದ ಮೇಲೆ ನುಂಗಿದ ಮಾತ್ರೆ ಹೊಟ್ಟೆಯಲ್ಲಿ ನಿಲ್ಲುವುದಿಲ್ಲ, ಆದ್ದರಿಂದ ಮೊದಲೇ ತೆಗೆದುಕೊಳ್ಳಬೇಕು. ನಮ್ಮಲ್ಲಿ ಸಿಗುವ ಅವೊಮಿನ್ 25 ಮಿ.ಗ್ರಾಂ ಮಾತ್ರೆಯನ್ನು ಉದ್ದದ ಪ್ರಯಾಣಕ್ಕಾದರೆ ಹಿಂದಿನ ರಾತ್ರಿ ಮಲಗುವಾಗಲೇ ತೆಗೆದುಕೊಳ್ಳುವುದು ರೂಢಿ. ಜಡತೆ ಬರುತ್ತದೆ, ಮದ್ಯದ ಜೊತೆ ಬೇಡವೇ ಬೇಡ. ಬೇರೆ ಔಷಧ ತೆಗೆದುಕೊಳ್ಳುವವರು ವೈದ್ಯರನ್ನು ಕೇಳಿಯೇ ನುಂಗಲಿ. ಅಮೆರಿಕದ ಸಹಪಾಠಿಗಳು ಕಿವಿಯ ಹಿಂದೆ ಸ್ಕೊಪೊಲಮಿನ್ ಪಟ್ಟಿ ಅಂಟಿಸಿಕೊಳ್ಳುತ್ತಾರೆ. ಅದನ್ನು ಕನಿಷ್ಠ 4 ಗಂಟೆ ಮುಂಚೆ ಹಚ್ಚಬೇಕು, ಒಂದು ಪಟ್ಟಿ 3 ದಿನ ಕೆಲಸ ಮಾಡುತ್ತದೆ. ಮುಟ್ಟಿದ ಬೆರಳನ್ನು ಸೋಪಿನಲ್ಲಿ ತೊಳೆಯದೆ ಕಣ್ಣುಜ್ಜಿದರೆ ಪಾಪೆ ಹಿಗ್ಗಿ ನೋಟ ಮಂಜಾಗುತ್ತದೆ.

ಖಾಲಿ ಹೊಟ್ಟೆಯೂ ಕೆಟ್ಟದ್ದು, ಎಣ್ಣೆ ತಿಂಡಿಯೂ ಕೆಟ್ಟದ್ದು. ಎದ್ದ ಕೂಡಲೇ ಒಂದೆರಡು ರಸ್ಕು, ಆಮೇಲೆ ಎರಡು ಗಂಟೆಗೊಮ್ಮೆ ಸ್ವಲ್ಪ ಸ್ವಲ್ಪ. ಒಣಶುಂಠಿ ಚೂರು ಬಾಯಲ್ಲಿಟ್ಟುಕೊಂಡರೆ ಕೆಲವರಿಗೆ ಹಿತ. ಹಡಗಿನ ಎರಡು ಪಕ್ಕಗಳಲ್ಲಿರುವ ಸ್ಟೆಬಿಲೈಸರ್ ರೆಕ್ಕೆಗಳು ಅಡ್ಡ ಓಲಾಟವನ್ನು ತಗ್ಗಿಸುತ್ತವೆ. ಮೂತಿ ಏರಿ ಇಳಿಯುವುದನ್ನು ತಡೆಯಲಾರವು. ಹಾಗಾಗಿ ಕೂರುವುದಾದರೆ ಹಡಗಿನ ನಡುಭಾಗ, ಆದಷ್ಟು ಕೆಳಗಿನ ಡೆಕ್ (ಅಂತಸ್ತು). ಮಂಚದಲ್ಲಿ ಮಲಗಿ ಫೋನ್ ನೋಡುವುದು ಎಲ್ಲಕ್ಕಿಂತ ಕೆಟ್ಟದ್ದು. ಹೊರಗೆ ಬಂದು ದಿಗಂತ ನೋಡಿ, ಆಗದಿದ್ದರೆ ಕಣ್ಣು ಮುಚ್ಚಿ ಅಂಗಾತ ಮಲಗಿ. ಹೆಚ್ಚಿನವರಿಗೆ ಎರಡು ಮೂರು ದಿನದಲ್ಲಿ ಹತೋಟಿಗೆ ಬರುತ್ತದೆ. ಹೊಟ್ಟೆಯಲ್ಲಿ ನೀರೂ ನಿಲ್ಲದೆ ಹೋದರೆ ಹಡಗಿನ ಡಾಕ್ಟರ ಹತ್ತಿರ ಹೋಗಲು ತಡಮಾಡಬೇಡಿ. ಜೊತೆಗೆ ಭೇದಿಯೂ ಇದ್ದರೆ ಅದು ಸಮುದ್ರದ ಕಾಟವಲ್ಲ, ವಾಂತಿಭೇದಿ ತರುವ ನೊರೊವೈರಸ್ ಸೋಂಕು ಇರಬಹುದು. ಮುಚ್ಚಿಟ್ಟರೆ ಹಡಗಿಗೆಲ್ಲ ಹಬ್ಬುತ್ತದೆ. ಅದಕ್ಕೆ ಸ್ಯಾನಿಟೈಸರ್ ಸಾಲದು, ಸೋಪು ನೀರೇ ಬೇಕು.

ಹಡಗು 1998ರಲ್ಲಿ ಜರ್ಮನಿಯಲ್ಲಿ ಕಟ್ಟಿದ್ದು, ಪ್ಲಗ್ಗುಗಳು ಯುರೋಪಿನವು. ನಮ್ಮ ತೆಳು ಎರಡು ಪಿನ್ನಿನ ಫೋನ್ ಚಾರ್ಜರ್ ನೇರವಾಗಿ ಕೂರುತ್ತದೆ, ಮೂರು ಪಿನ್ನಿನ ಲ್ಯಾಪ್‌ಟಾಪ್ ಚಾರ್ಜರಿಗೆ ಅಡಾಪ್ಟರ್ ಬೇಕು. ಸರ್ಜ್ ಪ್ರೊಟೆಕ್ಟರ್ (ವಿದ್ಯುತ್ತಿನ ದಿಢೀರ್ ಏರಿಕೆ ತಡೆಯುವ ಸಾಧನ) ಇರುವ ಎಕ್ಸ್‌ಟೆನ್ಶನ್ ತರಬೇಡಿ: ಹಡಗಿನ ವೈರಿಂಗ್ ಮನೆಯಂತಲ್ಲ, ಅಲ್ಲಿ ಅದು ಬಿಸಿಯಾಗಿ ಬೆಂಕಿ ಹತ್ತಬಹುದು. ಅದೇ ಕಾರಣಕ್ಕೆ ಕೆಟಲ್, ಇಂಡಕ್ಷನ್ ಕೂಡ ಬೇಡ. ರಾತ್ರಿ ಮಲಗುವ ಮುನ್ನ ಡ್ರಾಯರುಗಳನ್ನು ಒತ್ತಿ ಮುಚ್ಚಿ, ಲ್ಯಾಪ್‌ಟಾಪನ್ನು ಮೇಜಿನಿಂದ ಇಳಿಸಿ ಬ್ಯಾಗಿಗೆ ಹಾಕಿ. ಗೋಡೆ ಲೋಹದ್ದು, ಆಯಸ್ಕಾಂತದ ಕೊಕ್ಕೆ ಚೆನ್ನಾಗಿ ಹಿಡಿಯುತ್ತದೆ. ಬಾಗಿಲನ್ನು ಹಿಡಿಕೆಯಿಂದಲೇ ಹಿಡಿಯಿರಿ. ಹಡಗು ವಾಲಿದಾಗ ಚೌಕಟ್ಟಿನಲ್ಲಿ ಬೆರಳಿದ್ದರೆ ಜಜ್ಜಿಹೋಗುತ್ತದೆ. ಮೆಟ್ಟಿಲಲ್ಲಿ ಒಂದು ಕೈ ಯಾವಾಗಲೂ ಕಂಬಿಗೆ.

ಸುರಕ್ಷತಾ ಡ್ರಿಲ್ ಹಡಗು ಹೊರಡುವ ಮೊದಲೇ ಅಥವಾ ಹೊರಟ ಕೂಡಲೇ ನಡೆಯುತ್ತದೆ, ಅಂತರರಾಷ್ಟ್ರೀಯ ನಿಯಮವೇ ಹಾಗಿದೆ. ಏಳು ಚಿಕ್ಕ ಸದ್ದು, ಒಂದು ಉದ್ದ ಸದ್ದು ಕೇಳಿದರೆ ಲೈಫ್ ಜಾಕೆಟ್ ತೆಗೆದುಕೊಂಡು ನಿಮ್ಮ ಮಸ್ಟರ್ ಸ್ಟೇಷನ್ನಿಗೆ, ಅಂದರೆ ತುರ್ತಿನಲ್ಲಿ ಸೇರಬೇಕೆಂದು ಗೊತ್ತುಮಾಡಿದ ಜಾಗಕ್ಕೆ, ಹೋಗಬೇಕು. ಲಿಫ್ಟ್ ಬಳಸಬಾರದು. ಜಾಕೆಟ್ಟಿನ ಪಟ್ಟಿ ನೇತಾಡಿದರೆ ಮೆಟ್ಟಿಲಲ್ಲಿ ಹಿಂದಿನವರು ಎಡವುತ್ತಾರೆ. ಡ್ರಿಲ್ ಮುಗಿದ ಮೇಲೆ ಕ್ಯಾಬಿನ್ನಿನಿಂದ ಸ್ಟೇಷನ್ನಿಗೆ ಎರಡು ಬೇರೆ ದಾರಿ ನಡೆದು ನೋಡಿಕೊಳ್ಳುವುದು ಒಳ್ಳೆಯದು.

ಗಡಿಯಾರ ಹೊಸಬರಿಗೆ ತುಂಬ ಕಾಡುತ್ತದೆ. ಹಡಗು ಪೂರ್ವಕ್ಕೋ ಪಶ್ಚಿಮಕ್ಕೋ ಸಾಗಿದಂತೆ ಅದನ್ನು ಬದಲಿಸುತ್ತಿರಬೇಕು, 15 ಡಿಗ್ರಿ ರೇಖಾಂಶಕ್ಕೆ ಒಂದು ಗಂಟೆ ಲೆಕ್ಕ. ದಿನಕ್ಕೆ 400 ನಾಟಿಕಲ್ ಮೈಲಿ ಸಾಗುವ ಹಡಗಿಗೆ ಸಮಭಾಜಕದ ಬಳಿ ಒಂದು ಗಂಟೆಯ ಅಂತರ ದಾಟಲು ಎರಡು ದಿನಕ್ಕಿಂತ ಹೆಚ್ಚು ಬೇಕು. 45 ಡಿಗ್ರಿ ಅಕ್ಷಾಂಶದಲ್ಲಿ ಸುಮಾರು ಒಂದೂವರೆ ದಿನ ಸಾಕು. ಪಶ್ಚಿಮಕ್ಕೆ ಹೊರಟರೆ 25 ಗಂಟೆಯ ದಿನ ಸಿಕ್ಕಿ ಸುಖ, ಪೂರ್ವಕ್ಕಾದರೆ 23 ಗಂಟೆಯ ದಿನ, ನಿದ್ದೆಗೆ ಕತ್ತರಿ. ಫೋನಿನ ಸ್ವಯಂಚಾಲಿತ ಸಮಯವನ್ನು ನಿಲ್ಲಿಸಿ, ಹಡಗಿನ ಪ್ರಕಟಣೆ ನೋಡಿ ಕೈಯಾರೆ ಬದಲಿಸಿ. ಬಂದರು ಬಿಡುವ ಮೊದಲೇ ಏರ್‌ಪ್ಲೇನ್ ಮೋಡ್ ಹಾಕಿ. ಹಡಗಿನ ಮೊಬೈಲ್ ಜಾಲಕ್ಕೆ ನಮ್ಮ ಸಿಮ್ ತಗುಲಿಕೊಂಡರೆ ಕಡಲ ರೋಮಿಂಗ್ ದರ ಬೀಳುತ್ತದೆ, ಸಾಮಾನ್ಯ ರೋಮಿಂಗ್ ಪ್ಯಾಕ್ ಅದಕ್ಕೆ ಲಾಗೂ ಆಗುವುದಿಲ್ಲ.

ಸಸ್ಯಾಹಾರಿಗಳಿಗೆ ಪಾಸ್ಟಾ, ಆಲೂಗಡ್ಡೆ, ಬ್ರೆಡ್ಡು, ಸಲಾಡ್ ಧಾರಾಳ, ರುಚಿ ಮಾತ್ರ ಸಪ್ಪೆ. ಚಟ್ನಿಪುಡಿ ಅರ್ಧ ಕೆಜಿ, ಬಿಸಿನೀರು ಹಾಕಿದರೆ ಸಾಕಾಗುವ ಉಪ್ಪಿಟ್ಟಿನ ಪೊಟ್ಟಣ ಕೆಲವು, ಅಂಗಡಿಯ ಸೀಲು ಇರುವಂಥವು ಇದ್ದರೆ ಸಾಕು. ಬಿಸಿನೀರು ಊಟದ ಹಾಲಿನಲ್ಲೇ ಸಿಗುತ್ತದೆ. ಆದರೆ ತಿಂಡಿಯನ್ನು ಬ್ಯಾಗಿನಲ್ಲಿಟ್ಟುಕೊಂಡು ಬಂದರಿಗೆ ಇಳಿಯಬೇಡಿ, ಹಲವು ದೇಶಗಳಲ್ಲಿ ಹೊರಗಿನ ಆಹಾರಕ್ಕೆ ದಂಡ ಹಾಕುತ್ತಾರೆ.

ಪಾಸ್‌ಪೋರ್ಟನ್ನು ಹಡಗಿನವರೇ ಇಟ್ಟುಕೊಳ್ಳುತ್ತಾರೆ. ಭಾರತದ ಪಾಸ್‌ಪೋರ್ಟಿನವರಿಗೆ ಅಮೆರಿಕದವರಿಗಿಂತ ಹೆಚ್ಚು ವೀಸಾ ಬೇಕಾಗುತ್ತದೆ. ಆದ್ದರಿಂದ ಕೊಡುವ ಮೊದಲು ಪ್ರತಿ ವೀಸಾ ಪುಟದ ಫೋಟೊ ತೆಗೆದು, ಅವಧಿ ಮತ್ತು ಎಷ್ಟು ಬಾರಿ ಪ್ರವೇಶ ಎಂಬುದನ್ನು ಬಂದರುಗಳ ಪಟ್ಟಿಯ ಪಕ್ಕದಲ್ಲಿ ಬರೆದುಕೊಳ್ಳಿ. ವ್ಯತ್ಯಾಸ ಕಂಡರೆ ಮೊದಲ ವಾರದಲ್ಲೇ ಕಚೇರಿಗೆ ತಿಳಿಸಿ. ಬಂದರು ಹತ್ತಿರ ಬಂದ ಮೇಲೆ ಹೇಳಿದರೆ ಉಳಿದವರೆಲ್ಲ ಇಳಿದುಹೋದರೂ ನೀವು ಹಡಗಿನಲ್ಲೇ ಉಳಿಯಬೇಕಾಗಬಹುದು.