‘ಪುಟ್ ಆಫ್’ ಬಳಸುವುದು ಹೇಗೆ?

ಆಫೀಸಿನ ಮೇಲ್‌ನಲ್ಲಿ ‘ದ ಮೀಟಿಂಗ್ ಹ್ಯಾಸ್ ಬೀನ್ ಪುಟ್ ಆಫ್’ ಎಂದು ಕಂಡ ಕೂಡಲೇ ಸಭೆ ರದ್ದಾಯಿತು ಅಂತ ನಿರಾಳವಾಗುವವರಿದ್ದಾರೆ. ‘ಆಫ್’ ಎಂದರೆ ಫ್ಯಾನು, ಲೈಟು ಆರಿಸುವುದು ಎಂಬ ರೂಢಿಯೇ ಇದಕ್ಕೆ ಕಾರಣ. ಸಭೆ ರದ್ದಾಗಿಲ್ಲ, ಬೇರೆ ದಿನಕ್ಕೆ ಹೋಗಿದೆ ಅಷ್ಟೆ.

‘ಪುಟ್’ ಎಂದರೆ ಇಡು, ‘ಆಫ್’ ಎಂದರೆ ಆಚೆ. ಎರಡೂ ಸೇರಿದಾಗ ಹುಟ್ಟುವುದು ಬೇರೆಯದೇ ಕ್ರಿಯಾಪದ. ಇಂಗ್ಲಿಷ್ ವ್ಯಾಕರಣದಲ್ಲಿ ಇದಕ್ಕೆ ಫ್ರೇಸಲ್ ವರ್ಬ್ ಎನ್ನುತ್ತಾರೆ. ನಮಗೇನೂ ಇದು ಅಪರಿಚಿತವಲ್ಲ. ‘ಅವನು ಕೈಕೊಟ್ಟ’ ಎಂದರೆ ಯಾರೂ ಅಂಗೈ ನೋಡುವುದಿಲ್ಲ. ಕೈಬಿಟ್ಟ, ಕೈಹಾಕಿದ, ಕೈಹಿಡಿದ, ಒಂದೊಂದಕ್ಕೂ ಒಂದೊಂದು ಅರ್ಥ.

ಮೊದಲು ಕೇಳಿಕೊಳ್ಳಿ: ಏನನ್ನು? ಯಾರನ್ನು?

‘ಪುಟ್ ಆಫ್’ಗೆ ನಿಘಂಟು ತೆರೆದರೆ ನಾಲ್ಕೈದು ಅರ್ಥ ಸಿಗುತ್ತವೆ. ಎಲ್ಲವನ್ನೂ ಬಾಯಿಪಾಠ ಮಾಡುವ ಅಗತ್ಯವಿಲ್ಲ. ವಾಕ್ಯದಲ್ಲಿ ಪುಟ್ ಆಫ್ ಆಗಿರುವುದು ಒಂದು ಕೆಲಸವೋ ಕಾರ್ಯಕ್ರಮವೋ ಆದರೆ ಅರ್ಥ ಒಂದೇ: ಮುಂದೂಡು, ಮುಂದಕ್ಕೆ ಹಾಕು. ಪುಟ್ ಆಫ್ ಆಗಿರುವುದು ಮನುಷ್ಯನಾದರೆ ಮಾತ್ರ ಸ್ವಲ್ಪ ತಡೆದು ಯೋಚಿಸಬೇಕು.

ಕೆಲಸವಾದರೆ

ಇಲ್ಲಿ ಜೋಡಿಯಾಗಿ ಕಲಿಯಬೇಕಾದದ್ದು ‘ಕಾಲ್ ಆಫ್’. ಅದರ ಅರ್ಥ ರದ್ದು ಮಾಡು. ಟೋಕಿಯೊ ನಗರಕ್ಕೆ ಎರಡೂ ಅನುಭವವಾಗಿದೆ. ಅಲ್ಲಿ ನಡೆಯಬೇಕೆಂದು ಮೊದಲು ಗೊತ್ತಾಗಿದ್ದ 1940ರ ಒಲಿಂಪಿಕ್ಸ್ ಯುದ್ಧದಿಂದಾಗಿ ಕೊನೆಗೆ ಎಲ್ಲಿಯೂ ನಡೆಯಲೇ ಇಲ್ಲ. ಅದು ಕಾಲ್ಡ್ ಆಫ್. 2020ರ ಒಲಿಂಪಿಕ್ಸ್ ಕೊರೊನಾ ಕಾರಣಕ್ಕೆ ಒಂದು ವರ್ಷ ಮುಂದಕ್ಕೆ ಹೋಗಿ, 2021ರ ಜುಲೈ 23ಕ್ಕೆ ಶುರುವಾಯಿತು. ಅದು ಪುಟ್ ಆಫ್.

ಕನ್ನಡಿಗರು ಜಾರುವ ಜಾಗ ಇನ್ನೊಂದಿದೆ. ‘ಮದುವೆ ಮುಂದಕ್ಕೆ ಹೋಯಿತು’ ಎಂದರೆ ನಮಗೆ ತಡವಾಯಿತು ಎಂದೇ ಅರ್ಥ. ಈ ‘ಮುಂದಕ್ಕೆ’ಯನ್ನು ಹಾಗೇ ಎತ್ತಿ ‘ಫಾರ್ವರ್ಡ್’ ಮಾಡಿದರೆ ಕೆಲಸ ಕೆಟ್ಟಿತು. ಇಂಗ್ಲಿಷಿನ ‘ಬ್ರಿಂಗ್ ಫಾರ್ವರ್ಡ್’ ಎಂದರೆ ನಿಗದಿಯಾದ ದಿನಕ್ಕಿಂತ ಮೊದಲೇ ಮಾಡುವುದು, ನಾವು ಭಾರತದಲ್ಲಿ ಧಾರಾಳವಾಗಿ ಹೇಳುವ ‘ಪ್ರಿಪೋನ್’. ತಡ ಮಾಡುವುದಕ್ಕೆ ಅವರು ‘ಪುಟ್ ಬ್ಯಾಕ್’, ‘ಪುಶ್ ಬ್ಯಾಕ್’ ಎನ್ನುತ್ತಾರೆ. ನಮ್ಮ ‘ಮುಂದೆ’ ಅವರಿಗೆ ‘ಬ್ಯಾಕ್’! ‘ಮೂವ್ ಫಾರ್ವರ್ಡ್’ ಅಂತೂ ಇನ್ನೂ ಪೇಚು. ಬುಧವಾರದ ಸಭೆಯನ್ನು ಎರಡು ದಿನ ‘ಮೂವ್ ಫಾರ್ವರ್ಡ್’ ಮಾಡಿದ್ದಾರೆ, ಈಗ ಸಭೆ ಎಂದು ಎಂಬ ಪ್ರಶ್ನೆಯನ್ನು ಮನಶ್ಶಾಸ್ತ್ರಜ್ಞರು ಇಂಗ್ಲಿಷ್ ಮಾತೃಭಾಷೆಯವರಿಗೇ ಕೇಳಿದ್ದಾರೆ. ಕೆಲವರು ಸೋಮವಾರ ಎಂದರು, ಕೆಲವರು ಶುಕ್ರವಾರ ಎಂದರು. ಹೊರದೇಶದ ಕ್ಲೈಂಟ್‌ಗೆ ಮೇಲ್ ಬರೆಯುವವರು ಈ ರಗಳೆಯೇ ಬೇಡವೆಂದು ‘ಪುಟ್ ಆಫ್ ಟಿಲ್ ಫ್ರೈಡೇ’ ಎಂದು ಬರೆದುಬಿಡುವುದು ಒಳ್ಳೆಯದು. ಅದಕ್ಕೆ ಎರಡರ್ಥವಿಲ್ಲ.

ಬದಲಿಗೆ ಯಾವ ಪದ?

‘ಪುಟ್ ಆಫ್’ ಆಡುಮಾತಿನ ಸಲುಗೆಯ ಪದ. ಅರ್ಜಿ, ಸುತ್ತೋಲೆಗಳಲ್ಲಿ ‘ಪೋಸ್ಟ್‌ಪೋನ್’ ಹೆಚ್ಚು ಒಪ್ಪುತ್ತದೆ. ಲ್ಯಾಟಿನ್ ಮೂಲದಲ್ಲಿ ಅದರ ಅರ್ಥವೂ ‘ಆಮೇಲೆ ಇಡು’ ಎಂದೇ. ಸಾಲದ ಕಂತು, ಕಾಲೇಜು ಪ್ರವೇಶ, ತೀರ್ಮಾನ ಇಂಥವಕ್ಕೆ ‘ಡಿಫರ್’. ಕೋರ್ಟಿನ ವಿಚಾರಣೆಗೆ ವಾಯಿದೆ ಸಿಕ್ಕರೆ, ವಿಧಾನಸಭೆಯ ಕಲಾಪ ಸೋಮವಾರಕ್ಕೆ ಹೋದರೆ ‘ಅಡ್ಜರ್ನ್’. ಸಾಮಾನ್ಯವಾಗಿ ಶುರುವಾದ ಕಲಾಪವನ್ನು ನಿಲ್ಲಿಸಿ ಮುಂದೆ ಹಾಕುವಾಗ ಬಳಸುವ ಪದವಿದು. ‘ಡಿಲೇ’ಗೆ ಯಾರೂ ಬೇಕೆಂದು ತಡಮಾಡಿರಬೇಕಾಗಿಲ್ಲ. ರೈಲು ತಾನಾಗಿ ತಡವಾದರೆ ‘ಡಿಲೇಡ್’, ಅದನ್ನು ‘ಪುಟ್ ಆಫ್’ ಎನ್ನುವುದಿಲ್ಲ. ‘ಪ್ರೊಕ್ರಾಸ್ಟಿನೇಟ್’ನಲ್ಲಿ ಬೈಗುಳದ ವಾಸನೆಯಿದೆ. ಮಾಡಬೇಕಾದ್ದು ಗೊತ್ತಿದ್ದೂ ನಾಳೆ ನಾಳೆ ಎನ್ನುವುದು ಅದು. ‘ನಾಳೆ ಎಂದವನ ಮನೆ ಹಾಳು’ ಎಂಬ ನಮ್ಮ ಗಾದೆ ಬೈಯುವುದು ಈ ಗುಣವನ್ನೇ.

ಮನುಷ್ಯನಾದರೆ

ಒಂದು, ಸಬೂಬು ಹೇಳಿ ಸಾಗಹಾಕುವುದು. ಬಾಡಿಗೆ ಕೇಳಲು ಬಂದ ಮನೆ ಮಾಲೀಕರಿಗೆ ‘ಸಂಬಳ ಆಗಿಲ್ಲ ಸಾರ್, ಮುಂದಿನ ವಾರ ಖಂಡಿತ’ ಎಂದು ಕಳಿಸಿದರೆ ‘ಐ ಪುಟ್ ಹಿಮ್ ಆಫ್’. 1990ರ ದಶಕದಲ್ಲಿ ಬೆಂಗಳೂರು ಮತ್ತು ಸುತ್ತಮುತ್ತ ಮನೆಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆಯುತ್ತಿದ್ದದ್ದು ಹಲವರಿಗೆ ನೆನಪಿರಬಹುದು. ರಾತ್ರಿ ಬಾಗಿಲು ತಟ್ಟುವ ದೆವ್ವ ಅದನ್ನು ಓದಿ ಹಿಂದಿರುಗುತ್ತದೆ, ಮರುದಿನ ಬಂದರೂ ಅದೇ ಬರಹ! ಕನ್ನಡ ಓದಲು ಬರುತ್ತಿದ್ದ ಆ ದೆವ್ವವನ್ನು ಊರಿಗೆ ಊರೇ ‘ಪುಟ್ ಆಫ್’ ಮಾಡಿತ್ತು.

ಎರಡು, ಮನಸ್ಸು ಮುರಿಯುವುದು, ಹೇಸಿಗೆ ಹುಟ್ಟಿಸುವುದು. ಹೋಟೆಲಿನ ಟೇಬಲ್ ಒರೆಸಿದ ಬಟ್ಟೆಯ ವಾಸನೆಗೆ ಹಸಿವೇ ಹೋಯಿತೆನ್ನಿ: ‘ದ ಸ್ಮೆಲ್ ಪುಟ್ ಮಿ ಆಫ್ ಮೈ ಫುಡ್’. ಇಲ್ಲಿ ಯಾವುದೂ ಮುಂದಕ್ಕೆ ಹೋಗಿಲ್ಲ, ಊಟದ ಆಸೆ ಸತ್ತಿದೆ. ಇದರಿಂದ ಬಂದ ವಿಶೇಷಣ ‘ಆಫ್-ಪುಟಿಂಗ್’. ಒಬ್ಬರ ಧೋರಣೆ ಆಫ್-ಪುಟಿಂಗ್ ಎಂದರೆ ಅವರ ಹತ್ತಿರ ಹೋಗಲೇ ಮನಸ್ಸಾಗದು. ‘ಡಿಸ್ಕರೇಜ್’, ‘ರಿಪೆಲ್’ ಇದರ ಸಮೀಪದ ಪದಗಳು. ಎರಡನೆಯದು ಹೆಚ್ಚು ಖಾರ.

ಮೂರು, ಗಮನ ಕೆಡಿಸುವುದು. ಬ್ರಿಟನ್ನಿನವರಲ್ಲಿ ಇದು ಹೆಚ್ಚು. ಕೇರಂ ಆಡುವಾಗ ಎದುರು ಕೂತವನು ಸೀಟಿ ಹೊಡೆದರೆ ‘ಯು ಆರ್ ಪುಟಿಂಗ್ ಮಿ ಆಫ್’ ಎಂದು ಗದರಬಹುದು. ‘ಡಿಸ್ಟ್ರ್ಯಾಕ್ಟ್’ ಎಂದರೂ ಅದೇ.

ಇನ್ನು ‘ಪುಟ್ ಆಫ್ ದ ಲೈಟ್’. ನಮ್ಮಲ್ಲಿ ಬಹಳ ಕೇಳುತ್ತೇವೆ, ತಪ್ಪೇನಲ್ಲ. ಆದರೂ ಈಗ ಹೆಚ್ಚಿನವರ ಬಾಯಲ್ಲಿರುವುದು ‘ಟರ್ನ್ ಆಫ್’, ‘ಸ್ವಿಚ್ ಆಫ್’. 1611ರ ಇಂಗ್ಲಿಷ್ ಬೈಬಲ್ಲಿನಲ್ಲಿ ದೇವರು ಮೋಶೆಗೆ ಕೆರ ಬಿಚ್ಚಿಡಲು ಹೇಳುವಾಗಲೂ ‘ಪುಟ್ ಆಫ್’ ಎಂದೇ ಇದೆ. ಆ ಬಳಕೆ ಈಗ ಹಳತು, ಇಂದು ‘ಟೇಕ್ ಆಫ್’ ಎನ್ನುತ್ತಾರೆ.

ವಾಕ್ಯದಲ್ಲಿ ಕೂರಿಸುವಾಗ

‘ಪುಟ್ ಆಫ್ ದ ಮೀಟಿಂಗ್’, ‘ಪುಟ್ ದ ಮೀಟಿಂಗ್ ಆಫ್’ ಎರಡೂ ಸರಿ. ಆದರೆ ‘ಇಟ್’, ‘ಹಿಮ್’, ‘ದೆಮ್’ ಬಂದಾಗ ಅವು ನಡುವೆಯೇ ಕೂರಬೇಕು: ‘ಪುಟ್ ಇಟ್ ಆಫ್’. ‘ಪುಟ್ ಆಫ್ ಇಟ್’ ತಪ್ಪು. ಮುಂದೆ ಇನ್ನೊಂದು ಕ್ರಿಯಾಪದ ಬಂದರೆ ‘ಇಂಗ್’ ರೂಪವೇ ಬೇಕು: ‘ಐ ಪುಟ್ ಆಫ್ ಗೋಯಿಂಗ್ ಟು ದ ಡೆಂಟಿಸ್ಟ್’. ‘ಪುಟ್ ಆಫ್ ಟು ಗೋ’ ಎನ್ನಬಾರದು. ಭೂತಕಾಲದಲ್ಲಿಯೂ ‘ಪುಟ್’ ಪುಟ್ಟೇ.

ಮಾಡಿ ನೋಡಿ

ಇವನ್ನು ‘ಪುಟ್ ಆಫ್’ ಬಳಸಿ ಇಂಗ್ಲಿಷಿನಲ್ಲಿ ಹೇಳಿ: (1) ಮಳೆಯಿಂದ ಪಂದ್ಯವನ್ನು ಭಾನುವಾರಕ್ಕೆ ಹಾಕಿದರು. (2) ಬೆಲೆ ಕೇಳಿ ಹೆದರಬೇಡಿ. (3) ಅವಳಿಗೆ ಫೋನ್ ಮಾಡುವುದನ್ನು ಮುಂದಕ್ಕೆ ಹಾಕುತ್ತಲೇ ಇದ್ದೇನೆ.

ಉತ್ತರ: (1) ದೇ ಪುಟ್ ದ ಮ್ಯಾಚ್ ಆಫ್ ಟಿಲ್ ಸಂಡೇ ಬಿಕಾಸ್ ಆಫ್ ರೇನ್. (2) ಡೋಂಟ್ ಬಿ ಪುಟ್ ಆಫ್ ಬೈ ದ ಪ್ರೈಸ್. (3) ಐ ಕೀಪ್ ಪುಟಿಂಗ್ ಆಫ್ ಕಾಲಿಂಗ್ ಹರ್.